ಬಂಗಾರದ ಅಂಚಿಗೆ ವಿಭೂತಿ

ತಪಕೀರ ಗಲ್ಲಿಯ ತನ್ನ ಸಣ್ಣ ಕಂಪ್ಯೂಟರ್ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಎರಡು ಥರ ಎಂದು ಶಿವಪ್ರಕಾಶ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದ. ಗೊತ್ತಿಲ್ಲದ್ದಕ್ಕೆ ಕೇಳುವವರು ಒಂದು, ಗೊತ್ತಿಲ್ಲದಿದ್ದರೂ ಹೇಳುವವರು ಇನ್ನೊಂದು. ಆ ಶನಿವಾರ ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ಟೂ ತೆಗೆಯದೆ ನೇರ ಕೌಂಟರಿಗೆ ಬಂದವಳು ಎರಡನೆಯ ಥರದವಳು ಎಂಬುದರಲ್ಲಿ ಅವನಿಗೆ ಅನುಮಾನವೇ ಉಳಿಯಲಿಲ್ಲ.

ಅವಳು ಒಂದು ಮೆಮರಿ ಸ್ಟಿಕ್, ಕಂಪ್ಯೂಟರಿನ ಒಳಗೆ ಕೂರಿಸುವ ಸಣ್ಣ ಪಟ್ಟಿ, ಮುಂದಿಟ್ಟು, ಈ ಮಾಲಿನಲ್ಲಿ ದೋಷವಿದೆ, ನನ್ನ ಕಂಪ್ಯೂಟರಿನಲ್ಲಿ ಕೂರುತ್ತಿಲ್ಲ, ಅಂಚು ಸ್ವಲ್ಪ ಉಜ್ಜಿ ಸರಿಮಾಡಿ ಕೊಡಿ ಎಂದು ಮರಾಠಿಯಲ್ಲಿ ಹೇಳಿದಳು. ಅವನು ತಿರುಗಿಸಿ ನೋಡಿದ. ಡಿಡಿಆರ್ ಫೋರ್ ಎಂಬ ಈಚಿನ ತಲೆಮಾರಿನದು, ಹೊಚ್ಚ ಹೊಸದು. ಒತ್ತಿ ಕೂರಿಸಲು ನೋಡಿದಿರಾ ಎಂದು ಕೇಳಿದ. ಒತ್ತಿದೆ, ಚೆನ್ನಾಗಿಯೇ ಒತ್ತಿದೆ ಎಂದಳು. ಕಂಪ್ಯೂಟರ್ ಯಾವ ಕಾಲದ್ದು ಎಂದರೆ, ತಾನು ಡಿಗ್ರಿ ಮುಗಿಸಿದ ವರ್ಷದ್ದು ಎಂದು ಹೇಳಿ, ಅದು ಯಾವ ವರ್ಷ ಎಂದು ಮಾತ್ರ ಹೇಳಲಿಲ್ಲ.

ಅಷ್ಟು ಹಳೆಯದಕ್ಕೆ ಡಿಡಿಆರ್ ತ್ರೀ ಬೇಕು, ಎರಡರ ಅಂಚಿನಲ್ಲಿರುವ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಉಜ್ಜಿದರೂ ಗುದ್ದಿದರೂ ಇದು ಅದರಲ್ಲಿ ಹೋಗುವುದಿಲ್ಲ ಎಂದು ಅವನು ವಿವರಿಸಿದ. ಮೂರಕ್ಕಿಂತ ನಾಲ್ಕು ದೊಡ್ಡದು, ದೊಡ್ಡದು ಒಳ್ಳೆಯದೇ ಇರಬೇಕಲ್ಲ ಎಂದು ಅವಳು ವಾದಿಸಿದಳು. ಬಸ್ಸಿನ ಟೈರೂ ದೊಡ್ಡದೇ, ನಿಮ್ಮ ಸ್ಕೂಟಿಗೆ ಹಾಕಲೇ ಎಂದು ಅವನು ಕೇಳಿದ.

ಅಷ್ಟರಲ್ಲಿ ಅವಳಿಗೆ ಮನೆಯಿಂದ ಅಜ್ಜಿಯ ಫೋನ್ ಬಂತು. ಅವಳು ಅರ್ಧ ತಿರುಗಿ ನಿಂತು, ತಗ್ಗಿದ ದನಿಯಲ್ಲಿ, ಅಚ್ಚ ಬೆಳಗಾವಿ ಕನ್ನಡದಲ್ಲಿ ಮಾತಾಡಿದಳು.

"ಇನ್ನೂ ಅಂಗಡ್ಯಾಗ ಅದೀನಿ ಆಯಿ. ಇಲ್ಲೊಬ್ಬಾಂವ ಪಾಠಾ ಹೇಳಾಕತ್ತಾನ. ನೋಡಾಕ ಬರೋಬ್ಬರಿ ಅದಾನ, ಬಾಯಿ ಮಾತ್ರ ಭಾಳ."

ಅವಳು ಫೋನ್ ಇಟ್ಟ ಮೇಲೆ ಶಿವಪ್ರಕಾಶ ಸ್ಟಿಕ್ಕನ್ನು ಮತ್ತೆ ಅವಳ ಮುಂದೆ ಸರಿಸಿದ.

"ಪಾಠಾ ಇನ್ನ ಮುಗದಿಲ್ರಿ," ಎಂದ.

ಬೇರೆ ಯಾರಾದರೂ ಆಗಿದ್ದರೆ ನಾಚಿ ನೆಲ ನೋಡುತ್ತಿದ್ದರು. ಇವಳು ಹೆಲ್ಮೆಟ್ ತೆಗೆದು ಕೌಂಟರಿನ ಮೇಲಿಟ್ಟಳು. ಹಣೆಗೆ ಅಂಟಿದ ಕೂದಲನ್ನು ಹಿಂದೆ ಸರಿಸಿ, ಅವನನ್ನು ಅಳತೆ ತೆಗೆಯುವವಳ ಹಾಗೆ ನಿಧಾನವಾಗಿ ನೋಡಿದಳು. ಬಲಗಡೆ ತುಟಿಯ ಅಂಚು ಮಾತ್ರ ತುಸು ಮೇಲೆ ಹೋಯಿತು.

"ಮೊದಲ ಹೇಳೂದಲ್ಲೇನ್ರಿ? ಕನ್ನಡದಾಗ ಆಗಿದ್ರ ಜಗಳಾ ಇನ್ನೂ ಚಲೋ ಆಗ್ತಿತ್ತು."

ಮರಾಠಿ ನಾಡಿನ ದೌಂಡಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ಶಿವಪ್ರಕಾಶನಿಗೆ ಮನೆಯ ಭಾಷೆ ಮನೆಯಾಚೆ ಸಿಕ್ಕರೆ ಯಾವಾಗಲೂ ಖುಷಿ. ಆದರೆ ಇವತ್ತಿನ ಖುಷಿ ಬರೀ ಭಾಷೆಯದ್ದಲ್ಲ ಎಂದು ಅವನಿಗೂ ಅನ್ನಿಸಿತು.

ಅವಳ ಹೆಸರು ಭಾಮಾ. ಮನೆ ಕೋಥರೂಡದಲ್ಲಿ. ಹಳೆಯ ಸ್ಟಿಕ್ಕಿನ ಮೇಲಿನ ಚೀಟಿಯ ಫೋಟೋ, ಮದರ್‌ಬೋರ್ಡಿನ ಮೇಲಿನ ಹೆಸರು, ಖಾಲಿ ಜಾಗ ಎಷ್ಟಿದೆ ಎನ್ನುವುದು, ಇಷ್ಟು ಕಳಿಸಿ, ಮುಂದಿನದು ನನ್ನ ಪಾಲಿಗೆ ಬಿಡಿ ಎಂದು ಅವನು ಹೇಳಿ ಕಳಿಸಿದ. ತೆಗೆಯುವ ಮುಂಚೆ ಕರೆಂಟಿನ ವೈರ್ ಕೀಳಿ, ಕಂಪ್ಯೂಟರಿನ ಕಬ್ಬಿಣದ ಡಬ್ಬಿ ಒಮ್ಮೆ ಮುಟ್ಟಿ, ಮೈಮೇಲಿನ ಕರೆಂಟು ಇಳಿದುಹೋಗಲಿ ಎಂದೂ ಸೇರಿಸಿದ. ಮೈಮೇಲೆ ಎಲ್ಲಿಂದ ಕರೆಂಟು ಬರುತ್ತದೆ ಎಂದು ಅವಳು ಕೇಳಿದಳು. ಕೆಲವರ ಮೈಮೇಲೆ ಸ್ವಲ್ಪ ಜಾಸ್ತಿಯೇ ಇರುತ್ತದೆ ಎಂದು ಅವನು ಕೆಳಗೆ ನೋಡುತ್ತ ಹೇಳಿದ.

ಫೋಟೋ ಅವತ್ತೇ ಬಂತು. ಡಿಡಿಆರ್ ತ್ರೀ, ನಾಲ್ಕು ಜಿಬಿ, ಸಾವಿರದ ಆರುನೂರರ ವೇಗ. ಪಕ್ಕದಲ್ಲಿ ಒಂದು ಜಾಗ ಖಾಲಿ. ವಿಂಡೋಸ್ ಅರವತ್ತನಾಲ್ಕು ಬಿಟ್ಟಿನದು, ಅಂದರೆ ಹಾಕಿದ ಮೆಮರಿ ಪೂರ್ತಿ ಬಳಕೆಗೆ ಬರುತ್ತದೆ. ಅದೇ ಅಳತೆಯದು ಇನ್ನೊಂದು ಹಾಕಿದರೆ ಸಾಕು. ಆದರೆ ಬಜಾರಿನಲ್ಲಿ ಕೆಲವರು ಸರ್ವರಿನಿಂದ ಕಿತ್ತ ಅಗ್ಗದ ಮಾಲನ್ನು ಕೊಡುತ್ತಾರೆ, ಅದು ನೋಡಲು ಇದರಂತೆಯೇ ಇದ್ದು ಕೂರುವುದೂ ಕೂರುತ್ತದೆ, ಕಂಪ್ಯೂಟರ್ ಮಾತ್ರ ಏಳುವುದಿಲ್ಲ ಎಂದು ಅವನು ಫೋನ್ ಮಾಡಿ ಎಚ್ಚರಿಸಿದ. ವೇಗ ಬೇರೆ ಇದ್ದರೇನಾಗುತ್ತದೆ ಎಂದು ಅವಳು ಕೇಳಿದ್ದಕ್ಕೆ, ಜೋಡೆತ್ತಿನಲ್ಲಿ ಒಂದು ನಿಧಾನವಿದ್ದರೆ ಇನ್ನೊಂದೂ ಅದರ ಹೆಜ್ಜೆಗೇ ನಡೆಯಬೇಕಾಗುತ್ತದೆ ಎಂದ. ಕೆಲಸದ ಮಾತು ಅಲ್ಲಿಗೆ ಮುಗಿದಿತ್ತು. ಫೋನ್ ಮಾತ್ರ ಇಬ್ಬರೂ ಇಡಲಿಲ್ಲ.

ಇಷ್ಟು ಒದ್ದಾಡುವ ಬದಲು ಹೊಸ ಕಂಪ್ಯೂಟರನ್ನೇ ಯಾಕೆ ತೆಗೆದುಕೊಳ್ಳಬಾರದು ಎಂದು ಅವನು ವ್ಯಾಪಾರ ಮರೆತು ಕೇಳಿದ. ಆಗ ಗೊತ್ತಾಯಿತು ಅವಳ ಕೆಲಸ. ಅಜ್ಜಿ ಕಾಶವ್ವ ಕೈಯಿಂದ ಹಾಕಿದ ಧಾರವಾಡ ಕಸೂತಿಯನ್ನು ಎಳೆ ಎಳೆಯಾಗಿ ಎಣಿಸಿ, ಹೊಲಿಗೆ ಯಂತ್ರದಲ್ಲಿ ಹೊಲಿಯುವಂತೆ ಕಂಪ್ಯೂಟರಿನಲ್ಲಿ ಕೂರಿಸಿ ಕೊಡುವುದು. ಆ ಸಾಫ್ಟ್‌ವೇರಿಗೆ ಕಂಪ್ಯೂಟರಿಗೆ ಚುಚ್ಚಿದರಷ್ಟೇ ಅದು ತೆರೆಯುವಂಥ, ಬೆರಳಿನಷ್ಟು ಉದ್ದದ ಒಂದು ಕೀಲಿ ಇದೆ. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಹೊಸ ಕಂಪ್ಯೂಟರ್ ಆ ಕೀಲಿಯನ್ನು ಗುರುತೇ ಹಿಡಿಯುವುದಿಲ್ಲ. ವಿಮಾನ ನಗರದ ಒಂದು ಬೂಟೀಕಿನವರು ದಸರೆಗೆ ಸೀರೆಗಳ ಇಡೀ ಅಂಚನ್ನೇ ಕೇಳಿದ್ದಾರೆ, ಅವಳ ಪಾಲಿನ ಮೊದಲ ದೊಡ್ಡ ಆರ್ಡರ್.

"ಪರದೆ ಮ್ಯಾಲ ಆನಿ ಬರ್ತದ, ಅಂಬಾರಿ ಬರ್ತದ," ಎಂದಳು, "ಮಾವುತ ಬರೂ ಹೊತ್ತಿಗೆ ಕಂಪ್ಯೂಟರ್ ನಿಂತ ಬಿಡ್ತದ್ರಿ."

"ಮಾವುತನ್ನ ನಾ ಕೂಡಿಸಿ ಕೊಡ್ತೀನಿ," ಎಂದ ಶಿವಪ್ರಕಾಶ.

ಮುಂದಿನ ಶನಿವಾರ ಅಂಗಡಿಯ ಕಂಪ್ಯೂಟರಿನಲ್ಲಿ ಅವಳ ಎದುರಿಗೇ ಹೊಸ ಸ್ಟಿಕ್ಕನ್ನು ಹಾಕಿ, ಓಡಿಸಿ, ತೋರಿಸಿ ಕೊಟ್ಟ. ಮನೆಗೆ ಬಂದು ಕೂರಿಸಿ ಕೊಡುತ್ತೇನೆ ಎಂದರೆ, ಸೂಜಿಯ ಕಣ್ಣಿಗೆ ಕತ್ತಲಲ್ಲಿ ದಾರ ಪೋಣಿಸುವ ಮನೆತನ ನಮ್ಮದು, ಇಷ್ಟಕ್ಕೆ ನೀವು ಬೇಕೇ ಎಂದು ಅವಳು ಕೇಳಿದಳು. ನಡೆಯದೆ ಹೋದರೆ? ನಡೆಯದೆ ಹೋದರೆ ಅಂಗಡಿಯ ಬೋರ್ಡಿನ ಮೇಲಿನ ನನ್ನ ಹೆಸರು ನಾನೇ ಅಳಿಸುತ್ತೇನೆ ಎಂದ ಅವನು. ಈ ಮಾತು ಆಡುವಾಗ ಅವನ ಎದೆ ಒಂದಿಷ್ಟು ಉಬ್ಬಿದ್ದು ನಿಜ.

ಮರುದಿನ ಬೆಳಗ್ಗೆ ಫೋನ್ ಬಂತು.

"ಬಣ್ಣಾ ಬ್ರಶ್ ಹಿಡಕೊಂಡ ನಿಂತೇನಿ," ಎಂದಳು ಭಾಮಾ. "ಬೋರ್ಡ್ ಅಳಸಾಕ ಯಾವಾಗ ಬರ್ಲಿ?"

ಹಚ್ಚಿದರೆ ಮಷೀನು ಕುಂಯ್ ಕುಂಯ್ ಅನ್ನುತ್ತದಂತೆ, ಪರದೆ ಕಪ್ಪಗೇ ಇದೆಯಂತೆ. ಶಿವಪ್ರಕಾಶ ಅರ್ಧ ತಿಂದ ಅವಲಕ್ಕಿ ಬಿಟ್ಟು ಎದ್ದ. ಕೋಥರೂಡದವರೆಗೂ ಬೈಕಿನ ಮೇಲೆ ತನ್ನಷ್ಟಕ್ಕೆ ತಾನೇ ಜಗಳಾಡಿಕೊಂಡು ಹೋದ. ಮಾಲು ಸರಿ ಇದೆ, ಜೋಡಿ ಸರಿ ಇದೆ, ಅವನ ಕಣ್ಣಿನಿಂದ ಇಂಥ ತಪ್ಪು ಆಗಿದ್ದೇ ಇಲ್ಲ.

ಮನೆಯಲ್ಲಿ ಅವಳ ತಂದೆ ಶಿವಪುತ್ರಪ್ಪನವರು ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದರು. ಲಕ್ಷ್ಮೀ ರಸ್ತೆಯ ಜವಳಿ ಅಂಗಡಿಯಲ್ಲಿ ಆಯುಷ್ಯವೆಲ್ಲ ಕಾರಕೂನರಾಗಿ ದುಡಿದು ನಿವೃತ್ತರಾದವರು, ಮಾತು ಕಡಿಮೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಶವ್ವ, ಮಡಿಲಲ್ಲಿ ಬಟ್ಟೆ, ಕೈಯಲ್ಲಿ ಸೂಜಿ. ಭಾಮಾ ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದಳು. ಈಗ ಏನು ಹೇಳುತ್ತೀಯೋ ನೋಡೋಣ ಅನ್ನುವ ನಿಲುವು ಅದು.

ಶಿವಪ್ರಕಾಶ ಡಬ್ಬಿ ಬಿಚ್ಚಿದ, ಸ್ಟಿಕ್ಕನ್ನು ಹೊರಗೆಳೆದ, ಎಳೆದವನು ಹಾಗೇ ಕೂತ. ಬಂಗಾರದ ಬಣ್ಣದ ಅಂಚಿನ ತುಂಬ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದ. ಮೂಸಿದ. ಆಮೇಲೆ ತಲೆಯೆತ್ತಿ ನೋಡಿದರೆ ಆ ಮನೆಯ ಫ್ರಿಜ್ಜಿನ ಮೇಲೆ ಮೂರು ಗೆರೆ, ಮಿಕ್ಸರಿನ ಮೇಲೆ ಮೂರು ಗೆರೆ, ಭಾಮಾಳ ಹೆಲ್ಮೆಟ್ಟಿನ ಹಿಂಬದಿಗೂ ಮೂರು ಗೆರೆ ಕಂಡವು.

"ಅಮ್ಮಾ," ಎಂದು ಕಾಶವ್ವನ ಕಡೆ ತಿರುಗಿದ, "ಇದಕ್ಕ ವಿಭೂತಿ ಹಚ್ಚೀರೇನ್ರಿ?"

"ಹಚ್ಚದ ಬಿಡ್ತಾರೇನ ತಮ್ಮಾ?" ಎಂದಳು ಮುದುಕಿ, ಇದೆಂಥ ಪ್ರಶ್ನೆ ಎಂಬಂತೆ. "ಹೊಸಾದ ಮನಿಗೆ ಬಂದದ್ದು ಬರೇ ಹಣಿಲೆ ಒಳಗ ಹೋಗಬಾರದು. ಬಂಗಾರದ ಅಂಚು ಹೊಳೀತು, ಅದ ಇದರ ಹಣಿ ಇರಬೇಕಂತ ತಿಳದೆ. ನೀರಾಗ ಕಲಸಿ ಗಟ್ಟ್ಯಾಗಿ ಎಳದೇನಿ. ಇಕಿ ಕತ್ತಲದಾಗ ಕೂಡಿಸಿದ್ಲು, ನೋಡೇ ಇಲ್ಲ."

ಮೊದಲು ನಕ್ಕವಳು ಭಾಮಾ. ಗೋಡೆ ಬಿಟ್ಟು ಬಂದು, ಸೆರಗಿನಂತೆ ಹೊದ್ದ ಓಢಣಿಯನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಲ್ಲಿಯವರೆಗೂ ಅವನು ಅವಳ ಅರ್ಧ ನಗೆಯನ್ನಷ್ಟೇ ನೋಡಿದ್ದ. ಪೂರ್ತಿ ನಗೆ ನೋಡಿದ ಮೇಲೆ ಮನುಷ್ಯನ ಕೈ ಕೆಲಸದ ಮೇಲೆ ಹೇಗೆ ನಿಲ್ಲಬೇಕು ಎಂಬುದನ್ನು ತಪಕೀರ ಗಲ್ಲಿ ಅವನಿಗೆ ಕಲಿಸಿರಲಿಲ್ಲ.

ರಬ್ಬರ್ ಇದೆಯೇ ಎಂದು ಕೇಳಿದ. ಅವಳು ಚಿತ್ರ ಬರೆಯುವಾಗ ಅಳಿಸುವ ತನ್ನ ರಬ್ಬರ್ ತಂದಳು. ಅವನು ಬಂಗಾರದ ಅಂಚನ್ನು ಒಂದೇ ದಿಕ್ಕಿಗೆ, ಮೆತ್ತಗೆ ಉಜ್ಜುತ್ತ ಹೋದ. ಅವಳು ಪಕ್ಕದಲ್ಲಿ ಮೊಣಕಾಲೂರಿ ಮೊಬೈಲಿನ ಬೆಳಕು ಹಿಡಿದಳು. ಒಣಬಟ್ಟೆಯಲ್ಲಿ ಯಾಕೆ ಒರೆಸಬಾರದು, ಎರಡೂ ಕಡೆಯ ಕೊಕ್ಕೆ ಟಕ್ ಅನ್ನುವವರೆಗೆ ಯಾಕೆ ಒತ್ತಬೇಕು ಎಂದು ಒಂದೊಂದೇ ಕೇಳಿದಳು. ಬೆಳಕು ಸ್ಟಿಕ್ಕಿನ ಮೇಲಿತ್ತು. ಅವಳ ಕಣ್ಣು ಮಾತ್ರ ಆಗಾಗ ಅವನ ಕೈಯ ಮೇಲೆ, ಒಮ್ಮೆ ಅವನ ಮುಖದ ಮೇಲೆ ಬಂದು, ಅವನು ನೋಡುವಷ್ಟರಲ್ಲಿ ಸಾವಧಾನವಾಗಿ ಹಿಂದೆ ಹೋಯಿತು. ಗಡಿಬಿಡಿಯಿಂದ ತಪ್ಪಿಸಿಕೊಳ್ಳುವ ಕಣ್ಣಲ್ಲ ಅದು, ನೋಡಿದ್ದನ್ನು ನೋಡಿದೆ ಎಂದು ಒಪ್ಪುವ ಕಣ್ಣು.

ಮಷೀನು ಮೊದಲ ಸಲಕ್ಕೇ ಎದ್ದಿತು. ಎಂಟು ಜಿಬಿ ಎಂದು ಪರದೆ ತೋರಿಸಿತು. ಆನೆ ಬಂತು, ಅಂಬಾರಿ ಬಂತು, ಮೇಲೆ ಮಾವುತನೂ ಬಂದು ಕೂತ. ಕಾಶವ್ವ ಚಹಾ ಕುಡಿಸದೆ ಬಿಡಲಿಲ್ಲ. ಇನ್ನು ಮೇಲೆ ವಿಭೂತಿ ಹಚ್ಚುವುದಿದ್ದರೆ ಡಬ್ಬಿಯ ಹೊರಗಡೆ ಹಚ್ಚಿ ಎಂದು ಅವನು ಬೇಡಿಕೊಂಡ. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಅವನೊಂದು ಮಾತು ಆಡಿದ.

"ಇನ್ನ ನನ್ನ ಮುಖಾ ನೋಡೂ ಪ್ರಸಂಗಾನ ಬರೂದಿಲ್ರಿ ನಿಮಗ. ಗ್ಯಾರಂಟಿ."

ಭಾಮಾ ಬಾಗಿಲ ಚೌಕಟ್ಟು ಹಿಡಿದು, ಹೌದೇ ಎಂದಷ್ಟೇ ಕೇಳಿದಳು. ಲಿಫ್ಟ್ ಕೆಳಗಿಳಿಯುವ ಹೊತ್ತಿಗೆ ಶಿವಪ್ರಕಾಶನಿಗೆ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡದ್ದು ಪೂರ್ತಿ ಅರ್ಥವಾಗಿತ್ತು.

ಆಮೇಲೆ ಮಷೀನು ನಿಲ್ಲಲಿಲ್ಲ. ಅಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದಕ್ಕೆ ಅವನು ತನಗೆ ತಾನೇ ಶಾಪ ಹಾಕಿಕೊಂಡ. ಅವಳೊಮ್ಮೆ ಹೊಲಿದು ಮುಗಿದ ಕಸೂತಿ ಗೋಪುರದ ಫೋಟೋ ಕಳಿಸಿದಳು. ಭಾಳ ಚಲೋ ಬಂದದ ಎಂದು ಇವನು ಬರೆದ. ಥ್ಯಾಂಕ್ಸ್ ಎಂದು ಅವಳು ಬರೆದಳು. ಮಾತು ಅಲ್ಲಿಗೇ ನಿಂತಿತು.

ಇತ್ತ ದೌಂಡಿನಲ್ಲಿ ಅವನ ತಾಯಿ ಸರೋಜಮ್ಮ ಸುಮ್ಮನೆ ಕೂತಿರಲಿಲ್ಲ. ಸೊಲ್ಲಾಪುರದಲ್ಲಿ ಒಂದು ಹುಡುಗಿ ಇದೆ, ಬ್ಯಾಂಕಿನಲ್ಲಿ ಕೆಲಸ, ಮನೆತನ ಒಳ್ಳೆಯದು. ಲಗ್ನದ ಮಾತು ಬಂದರೆ ಲಿಂಗಾಯತರಲ್ಲಿ ಮೊದಲು ಕೇಳುವುದು ಬೆಡಗು, ಅಂದರೆ ಗೋತ್ರವಿದ್ದಂತೆ. ಎರಡೂ ಮನೆಯದು ಒಂದೇ ಬೆಡಗಾದರೆ ಅಣ್ಣತಂಗಿ ಲೆಕ್ಕ, ಬೇರೆ ಇದ್ದರೆ ದಾರಿ ತೆರೆದಂತೆ. ಇಲ್ಲಿ ಅದೂ ಬೇರೆ ಇದೆ. ಭಾನುವಾರ ನೋಡಲು ಹೋಗುವುದೆಂದು ತಾಯಿ ಹೇಳಿ ಕಳಿಸಿದ್ದಳು. ನೋಡಿ ಬಂದರೇನು ಗಂಟು ಹೋಗುತ್ತದೆ ಎನ್ನುವ ಹಾಗಿಲ್ಲ. ಹೆಣ್ಣಿನ ಮನೆಗೆ ಹೋಗಿ, ಅವರ ಉಪ್ಪಿಟ್ಟು ತಿಂದು, ಆಮೇಲೆ ಬೇಡ ಅನ್ನಬಾರದು ಎಂಬುದು ಸರೋಜಮ್ಮನ ಕಟ್ಟಳೆ. ತನ್ನ ತಂಗಿಯನ್ನು ನೋಡಿ ಹೋದವರು ಹಾಗೆ ಅಂದಾಗ ಮನೆಯವರೆಲ್ಲ ಅತ್ತದ್ದನ್ನು ಅವಳು ಮರೆತಿರಲಿಲ್ಲ. ಹೋಗುವುದಾದರೆ ಒಪ್ಪಿಯೇ ಹೋಗಬೇಕು. ಇಲ್ಲವೆಂದರೆ ಶನಿವಾರ ಸಂಜೆಯೊಳಗೆ ಹೇಳು ಎಂದಿದ್ದಳು.

ಶಿವಪ್ರಕಾಶ ಹೆದರುವ ಪೈಕಿ ಅಲ್ಲ. ಶನಿವಾರ ಅಂಗಡಿ ಬೇಗ ಮುಚ್ಚಿ ಕೋಥರೂಡಕ್ಕೆ ಹೋಗುವುದು, ಏನೂ ನೆಪವಿಲ್ಲದೆ ಬಾಗಿಲು ಬಡಿಯುವುದು, ಇದ್ದದ್ದು ಇದ್ದ ಹಾಗೆ ಕೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡ. ಅವಳು ನಕ್ಕರೆ ನಕ್ಕಳು, ದೌಂಡಿನ ಗಾಡಿ ಹತ್ತಿದರಾಯಿತು. ಆ ನಗೆಯನ್ನು ಕಳೆದುಕೊಂಡು ಸೊಲ್ಲಾಪುರದ ಉಪ್ಪಿಟ್ಟು ಗಂಟಲಲ್ಲಿ ಇಳಿಯುತ್ತದೆಯೇ ಎಂಬುದು ಮಾತ್ರ ಬೇರೆ ಪ್ರಶ್ನೆ.

ಶನಿವಾರ ಅಂಗಡಿಯ ಬಾಗಿಲು ಎತ್ತುವಷ್ಟರಲ್ಲೇ ಫೋನ್.

"ಮತ್ತ ನಿಂತದ್ರಿ ನಿಮ್ಮ ಮಾಲು," ಎಂದಳು ಭಾಮಾ. "ಗ್ಯಾರಂಟಿ ಅಂದಿದ್ರಿ."

ಅವನಿಗೆ ಅವಮಾನವೂ ಆಯಿತು, ಕುಣಿಯಬೇಕೆಂದೂ ಅನ್ನಿಸಿತು. ಎತ್ತಿದ ಬಾಗಿಲನ್ನು ಹಾಗೇ ಎಳೆದು ಬೀಗ ಹಾಕಿದ.

ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇತ್ತು. ಅಮ್ಮಾ ಎಲ್ಲಿ ಎಂದು ಕೇಳಿದರೆ, ಇನ್ನೊಬ್ಬ ಮೊಮ್ಮಗಳ ಕೂಸಿಗೆ ಹೆಸರಿಡುತ್ತಾರೆ, ಸೋಮವಾರವೇ ಧಾರವಾಡಕ್ಕೆ ಹೋಗಿದ್ದಾಳೆ ಎಂದು ಶಿವಪುತ್ರಪ್ಪನವರು ಪತ್ರಿಕೆಯ ಹಿಂದಿನಿಂದಲೇ ಹೇಳಿದರು. ಶಿವಪ್ರಕಾಶ ಒಳಕೋಣೆಗೆ ಹೋಗಿ ಮಷೀನಿನ ಮುಂದೆ ಕೂತ. ಭಾಮಾ ಮೊಬೈಲಿನ ಬೆಳಕು ಹಿಡಿದು ಪಕ್ಕದಲ್ಲಿ ನಿಂತಳು. ಯಾವಾಗಿನಿಂದ ನಿಂತಿದೆ ಎಂದು ಕೇಳಿದ. ನಿನ್ನೆ ಸಂಜೆಯವರೆಗೂ ಓಡುತ್ತಿತ್ತು ಎಂದಳು.

ಡಬ್ಬಿಯೊಳಗೆ ಧೂಳು ಸಹ ಇರಲಿಲ್ಲ. ಸ್ಟಿಕ್ ನೆಟ್ಟಗೆ ಕೂತಿತ್ತು, ಎರಡೂ ಕಡೆಯ ಕೊಕ್ಕೆ ಬಿಗಿಯಾಗಿದ್ದವು. ಅವನು ಮೆಲ್ಲಗೆ ಹೊರಗೆಳೆದ.

ಬಂಗಾರದ ಅಂಚಿನ ಮೇಲೆ ವಿಭೂತಿ.

ಕಾಶವ್ವ ಹಚ್ಚಿದ್ದು ಗೋಡೆಗೆ ಸುಣ್ಣ ಬಳಿದಂತಿತ್ತು. ಇದು ಹಾಗಲ್ಲ. ಮೂರು ಸಣ್ಣ ಗೆರೆ, ಒಂದಕ್ಕೊಂದು ತಾಗದಂತೆ, ಎಳೆ ಎಣಿಸಿ ಎಳೆದ ಹಾಗಿದ್ದವು. ಸ್ಟಿಕ್ ಕೂರುವ ಸ್ಲಾಟಿನೊಳಗೆ ಒಂದು ಚೂರೂ ಉದುರಿರಲಿಲ್ಲ. ಇದನ್ನು ಮಾಡಿದವರಿಗೆ ಮಷೀನು ಕೆಡುವುದು ಬೇಕಾಗಿರಲಿಲ್ಲ, ನಿಲ್ಲುವುದಷ್ಟೇ ಬೇಕಾಗಿತ್ತು.

ಅವನು ತಿರುಗಿ ನೋಡಲಿಲ್ಲ. ಬೆಳಕು ಅಲ್ಲಾಡುತ್ತಿಲ್ಲ ಎಂಬುದು ಮಾತ್ರ ಕಂಡಿತು.

"ಅಮ್ಮಾ ಸೋಮವಾರ ಹೋಗ್ಯಾರ," ಎಂದ. "ಮಷೀನ್ ನಿನ್ನಿ ಸಂಜಿ ತನಕ ನಡದೈತಿ."

"ಹೌದ್ರಿ."

"ಹಂಗಾರ ಈ ವಿಭೂತಿ ಯಾರ ಹಚ್ಚಿದ್ರು?"

"ನಾನ ಹಚ್ಚೇನಿ," ಎಂದಳು ಭಾಮಾ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳಲ್ಲ ಅವಳು, ಕಾಯಿಯನ್ನೇ ಎತ್ತಿ ಮುಂದಿಡುವವಳು. "ಮೊದಲ ಕರೆಂಟ್ ತಗದೆ. ಕಬ್ಬಿಣಾ ಮುಟ್ಟಿದೆ. ನೀವು ಹೇಳಿದ್ದು ಒಂದೂ ಬಿಟ್ಟಿಲ್ಲ. ಮುಖಾ ನೋಡೂ ಪ್ರಸಂಗಾನ ಬರೂದಿಲ್ಲ ಅಂತ ಹೇಳಿ ಹೋದ್ರಿ. ಅದಕ್ಕ ಪ್ರಸಂಗಾ ನಾನ ತಂದೆ."

ಅವನು ಈಗ ತಿರುಗಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಫೋನ್ ಮಾಡಿ ಬರ್ರಿ ಅಂದಿದ್ರ ಬರ್ತಿರ್ಲಿಲ್ಲೇನ್ರಿ ನಾ?"

"ಏನಂತ ಕರೀಲಿ? ಕೆಲಸಿಲ್ದ ಕರ್ಯಾಕ ನನಗ ಬರೂದಿಲ್ಲ. ಕೆಲಸಿಲ್ದ ಬರಾಕ ನಿಮಗ ಬರೂದಿಲ್ಲ."

"ಇವತ್ತ ಸಂಜಿಕ ಬರಾಂವ ಇದ್ದೆ," ಎಂದ ಶಿವಪ್ರಕಾಶ. "ಕೆಲಸಿಲ್ದ."

ಸೊಲ್ಲಾಪುರದ ಸಂಗತಿಯನ್ನು ಒಂದೂ ಮುಚ್ಚಿಡದೆ ಹೇಳಿದ. ನಾಳೆ ಹೋಗಬೇಕಂತೆ, ಹೋದರೆ ಒಪ್ಪಿದ ಹಾಗೆ ಎಂದ. ನೀವು ಬೇಡ ಅಂದರೆ ಹೋಗುವುದಿಲ್ಲ ಎಂದೂ ಸೇರಿಸಿದ. ಭಾಮಾಳ ಹುಬ್ಬು ಗಂಟಿಕ್ಕಿತು.

"ನಾ ಯಾಕ ಬ್ಯಾಡ ಅನ್ಲಿ? ಯಾಕ ಹೋಗೂದಿಲ್ಲ ಅನ್ನೂದು ನೀವು ಹೇಳ್ರಿ. ನಾ ವಿಭೂತಿ ಹಚ್ಚಿ ಹೇಳೇನಿ, ನೀವು ಬಾಯಿಲೆ ಆದರೂ ಹೇಳೂದಲ್ಲೇನು?"

ನ್ಯಾಯವಾದ ಮಾತು. ಶಿವಪ್ರಕಾಶ ಸ್ಟಿಕ್ಕನ್ನು ಮೇಜಿನ ಮೇಲಿಟ್ಟು ಎದ್ದು ನಿಂತ.

"ನಿಮ್ಮನ್ನ ಬಿಟ್ಟು ಬ್ಯಾರೆ ಯಾರನ್ನೂ ನೋಡಾಕ ಮನಸ್ಸಿಲ್ಲ ನನಗ. ಅವತ್ತ ನೀವು ನಕ್ಕಾಗಿಂದ ಇಲ್ಲ. ಅದಕ್ಕ ಹೋಗೂದಿಲ್ಲ."

ಅಷ್ಟು ಹೊತ್ತು ಗಟ್ಟಿಯಾಗಿದ್ದ ಬೆಳಕು ಆಗ ಅಲ್ಲಾಡಿತು. ಅವಳು ಮೊಬೈಲನ್ನು ಕೆಳಗಿಳಿಸಿದಳು, ಕಣ್ಣನ್ನೂ ಇಳಿಸಿದಳು. ಕಿವಿಯ ಹಿಂದಿನ ಕೂದಲನ್ನು ಸುಮ್ಮಸುಮ್ಮನೆ ಮತ್ತೆ ಕಿವಿಯ ಹಿಂದೆ ಸರಿಸಿದಳು. ಆ ಬೆರಳಿನ ತುದಿಯಲ್ಲಿ ಇನ್ನೂ ಚೂರು ಬಿಳುಪು ಉಳಿದದ್ದನ್ನು ಅವನು ನೋಡಿದ, ಮತ್ತು ಅದನ್ನು ನೋಡಿದ್ದಕ್ಕೆ ತುಂಬ ಸಂತೋಷಪಟ್ಟ.

"ರಬ್ಬರ್ ಮರತ ಬಂದೇನಿ," ಎಂದ ಮೆಲ್ಲಗೆ. "ನಾಳೆ ಮತ್ತ ಬರಬೇಕಾಗ್ತದ."

ಭಾಮಾ ತಲೆಯೆತ್ತಿದಳು. ಅವನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ರಬ್ಬರನ್ನು ಎರಡೇ ಬೆರಳಿನಲ್ಲಿ, ಎದೆಗೆ ತಾಗದಂತೆ ಎತ್ತಿ ಮೇಜಿನ ಮೇಲಿಟ್ಟಳು. ಬಲಗಡೆ ತುಟಿಯ ಅಂಚು ಮತ್ತೆ ಮೇಲೆ ಹೋಗಿತ್ತು.

"ಮಷೀನ್ ಇವತ್ತ ಚಾಲೂ ಆಗಬೇಕ್ರಿ, ನಂದ ಆರ್ಡರ್ ಅದ. ನಾಳೆನೂ ಬರ್ರಿ. ನಿಮ್ಮ ಅವ್ವಾರನ್ನ ಕರಕೊಂಡ ಬರ್ರಿ."

"ನಮ್ಮ ಅವ್ವಾ ಹೆಣ್ಣಿನ ಮನಿಗೆ ಬಂದ್ರ ಬ್ಯಾಡ ಅನ್ನೂದಿಲ್ಲ. ಹೇಳೇನಿ ಮತ್ತ."

"ಅದಕ್ಕ ಕರಕೊಂಡ ಬರ್ರಿ ಅಂದದ್ದು."

ಶಿವಪ್ರಕಾಶ ಕೂತು ಅಂಚನ್ನು ಉಜ್ಜಿದ. ಎರಡು ಗೆರೆ ಅಳಿಸುವವರೆಗೆ ಕೈ ಸರಾಗ ಓಡಿತು. ಮೂರನೆಯದನ್ನು ಅಳಿಸಲು ಮನಸ್ಸು ಬರದೆ ತುಸು ತಡೆದ. ನಡೀರಿ ನಡೀರಿ, ಬೇಕಾದರೆ ಡಬ್ಬಿಯ ಮೇಲೆ ಹಚ್ಚಿಕೊಡುತ್ತೇನೆ ಎಂದಳು ಅವಳು. ಕೊಕ್ಕೆಗಳು ಟಕ್ ಟಕ್ ಎಂದವು. ಮಷೀನು ಎದ್ದಿತು, ಪರದೆಯ ಮೇಲೆ ಅರ್ಧಕ್ಕೆ ನಿಂತಿದ್ದ ಆನೆ ಅಂಬಾರಿ ಮತ್ತೆ ಬಂತು.

ಇಬ್ಬರೂ ಪಡಸಾಲೆಗೆ ಬಂದಾಗ ಶಿವಪುತ್ರಪ್ಪನವರು ಏನಾಗಿತ್ತು ಎಂದು ಕೇಳಿದರು. ಶಿವಪ್ರಕಾಶ ಬಾಯಿ ತೆರೆಯುವ ಮುಂಚೆ ಭಾಮಾಳೇ ಹೇಳಿದಳು, ವಿಭೂತಿ ಅಂಟಿತ್ತು ಅಪ್ಪಾ ಎಂದು.

"ನಿಮ್ಮ ಆ‌ಯಿ ಊರಾಗಿಲ್ಲಲ್ಲ," ಎಂದರು ಅವರು.

"ಆಯಿ ಅಲ್ಲಪ್ಪಾ. ನಾನ ಹಚ್ಚಿದ್ದೆ."

ಪತ್ರಿಕೆ ನಿಧಾನವಾಗಿ ಕೆಳಗಿಳಿಯಿತು. ಶಿವಪುತ್ರಪ್ಪನವರು ಮಗಳ ಮುಖ ನೋಡಿದರು, ಆಮೇಲೆ ಅವನ ಮುಖ ನೋಡಿದರು. ಆಯುಷ್ಯವೆಲ್ಲ ಕೂಡಿಸಿ ಕಳೆದವರಿಗೆ ಇಷ್ಟು ಸಣ್ಣ ಲೆಕ್ಕ ಎಷ್ಟು ಹೊತ್ತು? ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ತಮ್ಮಾ," ಎಂದರು, "ನಿಮ್ಮದು ಬೆಡಗು ಯಾವುದು?"

ಶಿವಪ್ರಕಾಶ ಹೇಳಿದ. ಭಾಮಾ ಅಡಿಗೆಮನೆಯ ಬಾಗಿಲಲ್ಲಿ, ಚಹಾದ ಪಾತ್ರೆ ಕೈಯಲ್ಲಿ ಹಿಡಿದು, ಅಲ್ಲಾಡದೆ ನಿಂತಿದ್ದಳು.

"ಬ್ಯಾರೆ ಅದ," ಎಂದರು ಶಿವಪುತ್ರಪ್ಪ, ಪತ್ರಿಕೆಯನ್ನು ಮತ್ತೆ ಮುಖದ ಮುಂದೆ ಎತ್ತುತ್ತ. "ಭಾಮಾ, ಚಹಾಕ್ಕ ಸಕ್ಕರಿ ಸ್ವಲ್ಪ ಜಾಸ್ತಿ ಹಾಕು."